ಅಮ್ಮನ ಜೊತೆ ಡ್ಯಾಫೋಡಿಲ್ ಹಳ್ಳಿಯಲ್ಲಿ ನಾಲ್ಕು ದಿನ

ಈ ಪ್ರವಾಸ ಶುರುವಾಗಿದ್ದು ಒಂದು ಪಲ್ಯದಿಂದ. ಸರಿಯಾಗಿ ಹೇಳಬೇಕೆಂದರೆ, ಆಗದೇ ಹೋದ ಪಲ್ಯದಿಂದ.

ಅಮ್ಮ ಸಾಗರದಿಂದ ಬರ್ಮಿಂಗ್‌ಹ್ಯಾಮಿಗೆ ಬಂದು ಎರಡು ತಿಂಗಳಾಗಿತ್ತು. ಒಂದು ಸಂಜೆ ಅಂಗಡಿಯಿಂದ ಒಂದು ಪೌಂಡಿನ ಡ್ಯಾಫೋಡಿಲ್ ಕಟ್ಟು ತಂದು ಅಡುಗೆ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದೆ. ಹೂ ಇನ್ನೂ ಬಿರಿದಿರಲಿಲ್ಲ. ಹಸಿರು ದಂಟು, ತುದಿಯಲ್ಲೊಂದು ಮೊನಚು ಮೊಗ್ಗು, ಸುತ್ತ ರಬ್ಬರ್ ಬ್ಯಾಂಡ್. ಬಂದು ನೋಡಿದರೆ ಅಮ್ಮ ಕಟ್ಟು ಬಿಚ್ಚಿ, ತೊಳೆದು, ಚಾಕು ಕೈಗೆತ್ತಿಕೊಂಡಿದ್ದಳು. "ಈರುಳ್ಳಿ ಹೂವಿನ ದಂಟು ಎಷ್ಟು ಎಳೇದಿದೆ ನೋಡು. ಕಾಯಿ ತುರಿ ಇದೆಯಾ?"

ಓಡಿಹೋಗಿ ಚಾಕು ಕಿತ್ತುಕೊಂಡೆ. ಡ್ಯಾಫೋಡಿಲ್ ವಿಷ. ದಂಟು, ಗೆಡ್ಡೆ ಎಲ್ಲವೂ. ಅಮ್ಮನನ್ನು ನಗುವ ಹಾಗೂ ಇಲ್ಲ, ಈ ತಪ್ಪು ಮಾಡಿದವಳು ಅವಳೊಬ್ಬಳೇ ಅಲ್ಲ. 2015ರಲ್ಲಿ ಇಲ್ಲಿನ ಆರೋಗ್ಯ ಇಲಾಖೆಯವರೇ ಸೂಪರ್‌ಮಾರ್ಕೆಟ್‌ಗಳಿಗೆ ಪತ್ರ ಬರೆದು, ಡ್ಯಾಫೋಡಿಲ್ಲನ್ನು ತರಕಾರಿ ಪಕ್ಕ ಇಡಬೇಡಿ ಅಂತ ಹೇಳಿದ್ದರು.

"ತಿನ್ನೋಕಾಗಲ್ಲ, ಮುಡಿಯೋಕಾಗಲ್ಲ, ಪರಿಮಳಾನೂ ಇಲ್ಲ. ಮತ್ತೆ ಯಾಕೆ ಬೆಳೀತಾರೆ?" ಅಂದಳು ಅಮ್ಮ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ದಿನ ರಜೆ ಹಾಕಿದೆ.

ದಿನ 1: ಮಾರ್ಚ್ 27, 2025, ಗುರುವಾರ

ಬರ್ಮಿಂಗ್‌ಹ್ಯಾಮಿನಿಂದ ಲೆಡ್‌ಬರಿಗೆ ರೈಲಿನಲ್ಲಿ ಒಂದು ಗಂಟೆಗೆ ಸ್ವಲ್ಪ ಜಾಸ್ತಿ. ವೂಸ್ಟರ್ ದಾಟಿದ ಮೇಲೆ ಮಾಲ್ವರ್ನ್ ಬೆಟ್ಟಗಳು ಕಾಣುತ್ತವೆ. ಕಂಡವು ಅನ್ನುವಷ್ಟರಲ್ಲಿ ಸುರಂಗ. ಆಚೆ ಬಂದರೆ ಬೇರೆಯದೇ ಸೀಮೆ: ಸೇಬಿನ ತೋಟ, ಬಿಯರಿಗೆ ಹಾಕುವ ಹಾಪ್ಸ್ ಬಳ್ಳಿಯ ಕಂಬಗಳು, ಕೆಂಪು ಮಣ್ಣು. ಕೆಂಪು ಮಣ್ಣು ಕಂಡಿದ್ದೇ ಅಮ್ಮ ಕಿಟಕಿಗೆ ಅಂಟಿಕೊಂಡಳು.

ಲೆಡ್‌ಬರಿ ಪುಟ್ಟ ಪೇಟೆ. ನಡುಬೀದಿಯಲ್ಲಿ 17ನೇ ಶತಮಾನದ ಸಂತೆಕಟ್ಟೆ. ಓಕ್ ಮರದ ಕಂಬಗಳ ಮೇಲೆ ಕಪ್ಪು ಬಿಳುಪು ಅಟ್ಟ, ಕೆಳಗೆಲ್ಲ ಖಾಲಿ. ಅಮ್ಮ ಒಂದು ಕಂಬವನ್ನು ತಟ್ಟಿ ನೋಡಿ, "ಗೆದ್ದಲು ಹಿಡಿದಿಲ್ಲ" ಅಂದು ಮುಂದೆ ನಡೆದಳು.

ಅಲ್ಲಿಂದ 232ನೇ ನಂಬರಿನ ಬಸ್ಸು. ಅದಕ್ಕೆ 'ಡ್ಯಾಫೋಡಿಲ್ ಲೈನ್' ಅಂತ ಹೆಸರು. ಮೊದಲಿದ್ದ ಬಸ್ಸು ನಿಂತುಹೋದಾಗ ಸುತ್ತಲಿನ ಊರಿನವರೇ ಸೇರಿ 2023ರಲ್ಲಿ ಶುರು ಮಾಡಿಸಿದ ಸರ್ವಿಸ್ ಇದು. ಬಸ್ಸಿನಲ್ಲಿದ್ದವರೆಲ್ಲ ಒಬ್ಬರಿಗೊಬ್ಬರು ಗುರುತು. ಹತ್ತಿದ ಪ್ರತಿಯೊಬ್ಬರೂ ಡ್ರೈವರ್ ಜೊತೆ ಹವಾಮಾನ ಮಾತಾಡಿಯೇ ಕೂತರು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಮಳೆಯೇ ಇರಲಿಲ್ಲ. ದಿನಾ ಬಿಸಿಲು. ಇಂಗ್ಲೆಂಡಿನವರು ಬಿಸಿಲನ್ನೂ ಒಂದು ತಾಪತ್ರಯದ ಹಾಗೆ ಚರ್ಚೆ ಮಾಡುತ್ತಾರೆ ಅಂತ ಅವತ್ತು ಗೊತ್ತಾಯಿತು.

ನಾವು ಉಳಿದಿದ್ದು ಗ್ಲಾಸ್ಟರ್‌ಶೈರ್ ಸೀಮೆಯ ಡಿಮಾಕ್ ಊರಿನ ಆಸುಪಾಸಿನ ಒಂದು ಸಣ್ಣ ಹಳ್ಳಿಯಲ್ಲಿ. ಅದರ ಹೆಸರು ಬರೆಯಲ್ಲ ಅಂತ ಮನೆಯೊಡತಿಗೆ ಮಾತು ಕೊಟ್ಟಿದ್ದೇನೆ. ಎಪ್ಪತ್ತು ದಾಟಿದ ಹೆಂಗಸು. ತೋಟದ ಹಿಂದಿನ ಒಂದು ಕೋಣೆಯನ್ನು ಬಾಡಿಗೆಗೆ ಕೊಡುತ್ತಾರೆ. ಗೇಟಿಗೆ ಒಂದು ಹಳದಿ ಪೋಸ್ಟರ್ ಕಟ್ಟಿದ್ದರು. 'ಶನಿವಾರ ತೋಟ ತೆರೆದಿದೆ' ಅಂತ.

ಬ್ಯಾಗ್ ಇಳಿಸುವ ಮೊದಲೇ ಅಮ್ಮ ತೋಟಕ್ಕೆ ನುಗ್ಗಿದಳು. ಹಿಂದೆಯೇ ಮನೆಯೊಡತಿ. ಇವಳಿಗೆ ಇಂಗ್ಲಿಷ್ ಬರಲ್ಲ, ಅವರಿಗೆ ಕನ್ನಡ ಬರಲ್ಲ. ನಾನು ನಡುವೆ ಭಾಷಾಂತರಕ್ಕೆ ನಿಂತೆ. ಐದು ನಿಮಿಷಕ್ಕೆ ನನ್ನ ಕೆಲಸ ಹೋಯಿತು.

ಗಾಜಿನ ಮನೆಯೊಳಗೆ ಬೆಂಚಿನ ಮೇಲೆ ಸಾಲಾಗಿ ಕುಂಡಗಳು. ಅದರಲ್ಲಿ ಸಿಹಿಗೆಣಸಿನ ಗೊಂಚಲಿನಂಥ ಗೆಡ್ಡೆಗಳು, ಅರ್ಧ ಮಣ್ಣಲ್ಲಿ, ಅರ್ಧ ಹೊರಗೆ. ಒಂದೊಂದರ ಕುತ್ತಿಗೆಯಲ್ಲಿ ಕೆಂಪು ಕಣ್ಣು ಆಗಷ್ಟೇ ಒಡೆದಿತ್ತು. ಅಮ್ಮ ಬಗ್ಗಿ ನೋಡಿ ಜೋರಾಗಿ ಕೂಗಿದಳು. "ಅಯ್ಯೋ, ಡೇರೆ!"

ಮಲೆನಾಡಿನವರಿಗೆ ಬೇರೆ ಹೇಳಬೇಕಿಲ್ಲ. ಡೇಲಿಯಾ ನಮ್ಮ ಕಡೆ ಡೇರೆ. ಜಡಿಮಳೆಯಲ್ಲಿ ಪ್ರತಿ ಮನೆಯ ಅಂಗಳದಲ್ಲೂ ಅಡ್ಡ ಬಿದ್ದುಕೊಂಡು ಅರಳುವ ಹೂ. ಗೆಡ್ಡೆಯನ್ನು ಬೂದಿಯಲ್ಲಿಟ್ಟು ಕಾಯುವುದು, ಮೇ ಕೊನೆಗೆ ನೆಡುವುದು, 'ನಿಮ್ಮ ಮನೆ ನೇರಳೆ ಡೇರೆ ನಂಗೊಂದು ಕೊಡಿ, ನಮ್ಮ ಮನೆ ಬಿಳೀದು ನಿಮಗೆ' ಅನ್ನುವುದು, ಇವೆಲ್ಲ ಹೆಂಗಸರ ಗುಟ್ಟಿನ ವ್ಯಾಪಾರ. ಆ ಗೆಡ್ಡೆ ಗ್ಲಾಸ್ಟರ್‌ಶೈರಿನಲ್ಲಿ ಸಿಕ್ಕಿತ್ತು. ಅಮ್ಮ ಬೆರಳಿನಿಂದ ಕಣ್ಣು ತೋರಿಸಿ ತಲೆ ಆಡಿಸಿದಳು. ಮನೆಯೊಡತಿಯೂ ಆಡಿಸಿದರು. ಆಮೇಲೆ ಅಮ್ಮ ತೋರುಬೆರಳನ್ನು ಕೊಂಬಿನ ಹಾಗೆ ಹಿಡಿದು ನಿಧಾನ ಚಲಿಸಿ ತೋರಿಸಿದಳು: ಬಸವನ ಹುಳು. ಅವರು "ಓ!" ಅಂತ ಹಣೆ ಚಚ್ಚಿಕೊಂಡರು. ಅವರು ಬಟ್ಟಲಲ್ಲಿ ಬಿಯರ್ ಇಟ್ಟು ಹುಳ ಮುಳುಗಿಸುತ್ತಾರಂತೆ. ಅಮ್ಮ ಸುಣ್ಣ, ಬೂದಿ ಹಾಕುತ್ತಾಳೆ. ಬಿಯರ್ ವಿಷಯ ಮಾತ್ರ ಭಾಷಾಂತರ ಮಾಡಬೇಕಾಯಿತು. "ಪಾಪ, ಸಾಯೋ ಹೊತ್ತಿಗಾದರೂ ಖುಷಿಯಾಗಿರ್ತಾವೆ" ಅಂದಳು ಅಮ್ಮ.

ದಿನ 2: ಮಾರ್ಚ್ 28, ಶುಕ್ರವಾರ

ಇವತ್ತು ಕಾಡು ಡ್ಯಾಫೋಡಿಲ್ ನೋಡುವ ದಿನ. ಡಿಮಾಕ್, ಕೆಂಪ್ಲಿ, ಆಕ್ಸೆನ್‌ಹಾಲ್, ಈ ಮೂರು ಊರುಗಳ ನಡುವಿನ ಜಾಗಕ್ಕೆ 'ಚಿನ್ನದ ತ್ರಿಕೋನ' ಅಂತ ಹೆಸರು. ಮನೆಯೊಡತಿ ತಮ್ಮ ಪುಟ್ಟ ಕಾರಿನಲ್ಲಿ ನಮ್ಮನ್ನು ಕೆಂಪ್ಲಿಯ ಹಳೇ ಚರ್ಚ್ ಹತ್ತಿರ ಬಿಟ್ಟು, ಹೊಲದ ದಾರಿ ತೋರಿಸಿ ಹೋದರು.

ಸೇಂಟ್ ಮೇರಿ ಚರ್ಚ್ ಊರಿನಿಂದ ದೂರ, ಹೊಲಗಳ ಮಧ್ಯೆ ಒಂಟಿಯಾಗಿ ನಿಂತಿದೆ. ಬಾಗಿಲು ತಳ್ಳಿದರೆ ತೆರೆಯಿತು. ಒಳಗೆ ಯಾರೂ ಇಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಂಡಾಗ ಚಾವಣಿಯ ತುಂಬ ಕೆಂಪು, ಹಳದಿ ಚಿತ್ರಗಳು ಕಂಡವು. 12ನೇ ಶತಮಾನದವು. ಯಾವಾಗಲೋ ಸುಣ್ಣ ಬಳಿದು ಮುಚ್ಚಿಬಿಟ್ಟಿದ್ದರು. 1872ರಲ್ಲಿ ಸುಣ್ಣದ ಕೆಳಗಿಂದ ಮತ್ತೆ ಸಿಕ್ಕವು. ನಡುವೆ ಕ್ರಿಸ್ತ ಕಾಮನಬಿಲ್ಲಿನ ಮೇಲೆ ಕೂತಿದ್ದಾನೆ. ಅವನ ಸುತ್ತ ಸೂರ್ಯ, ಚಂದ್ರ.

"ಶಾಸನದ ಕಲ್ಲಿನ ಮೇಲೆ ಇರ್ತದಲ್ಲ ಹಾಗೆ" ಅಂದಳು ಅಮ್ಮ. ಹೌದು, ಇಕ್ಕೇರಿ, ಕೆಳದಿ ಕಡೆ ವೀರಗಲ್ಲುಗಳ ತಲೆಯ ಮೇಲೂ ಇದೇ ಜೋಡಿ. ಸೂರ್ಯ ಚಂದ್ರರಿರುವ ತನಕ ಅಂತ. ಚರ್ಚಿನೊಳಗೆ ಬೆಂಚಿನ ಮೇಲೆ ಕೂತು ಇಬ್ಬರೂ ಕಿತ್ತಳೆ ಸುಲಿದು ತಿಂದೆವು. ಸಿಪ್ಪೆ ಚೀಲಕ್ಕೆ ಹಾಕಿಕೊಂಡೆವು.

ಅಲ್ಲಿಂದ ಹೊಲದ ದಾರಿ. ಇಲ್ಲಿ ಖಾಸಗಿ ಹೊಲದ ನಡುವೆಯೂ ಊರವರಿಗೆ ನಡೆಯುವ ಹಕ್ಕಿನ ಕಾಲುದಾರಿ ಇರುತ್ತದೆ. ಬೇಲಿ ಬಂದಲ್ಲಿ ಹತ್ತಿ ಇಳಿಯಲು ಮರದ ಮೆಟ್ಟಿಲು. ನಮ್ಮ ತಡಮೆಯೇ. ನಾನು ಪ್ಯಾಂಟ್ ಹಾಕಿಕೊಂಡು ಪರದಾಡುತ್ತಿದ್ದರೆ, ಅಮ್ಮ ಸೀರೆ, ಸ್ವೆಟರ್, ಶೂನಲ್ಲಿ ಸೆರಗು ಸಿಕ್ಕಿಸಿ ಸಲೀಸಾಗಿ ದಾಟಿದಳು. ನಲವತ್ತು ವರ್ಷ ಅಡಿಕೆ ತೋಟದ ಬೇಲಿ ದಾಟಿದವಳು.

ಮೂರನೇ ತಡಮೆಯ ಆಚೆ ಅವು ಇದ್ದವು.

ಅಂಗಡಿಯ ಡ್ಯಾಫೋಡಿಲ್ ನೋಡಿದವರಿಗೆ ಇದು ಮೊದಲು ಸ್ವಲ್ಪ ನಿರಾಸೆ. ಗಿಡ್ಡ. ಮೊಣಕಾಲಿಗೂ ಬರಲ್ಲ. ಹೊರಗಿನ ಎಸಳು ಬೆಣ್ಣೆ ಬಣ್ಣ, ಒಳಗಿನ ಕೊಳವೆ ಅರಿಶಿನ. ಎಲ್ಲ ಹೂಗಳೂ ತಲೆ ತಗ್ಗಿಸಿವೆ. ಆದರೆ ಒಂದಲ್ಲ, ಹತ್ತಲ್ಲ, ಹೊಲದ ಈ ಬೇಲಿಯಿಂದ ಆ ಬೇಲಿವರೆಗೆ, ಆಮೇಲೆ ಓಕ್ ಮರಗಳ ಕೆಳಗೆ, ಹಳ್ಳದ ದಂಡೆಯಲ್ಲಿ. ಗಾಳಿ ಬಂದಾಗ ಹೊಲವೇ ಮೈ ಸರಿಸಿದಂತಾಯಿತು. ಶಾಲೆಯಲ್ಲಿ ಈ ಹೂವಿನ ಪದ್ಯ ಬಾಯಿಪಾಠ ಮಾಡಿ ಹತ್ತು ಅಂಕ ಗಿಟ್ಟಿಸಿದ್ದೆ. ಹೂ ಮಾತ್ರ ಚೆಂಡುಹೂವಿನ ಹಾಗಿರಬೇಕು ಅಂದುಕೊಂಡಿದ್ದೆ.

ಅಮ್ಮ ಕುಕ್ಕರುಗಾಲಲ್ಲಿ ಕೂತು ಒಂದು ಹೂವಿನ ಗಲ್ಲ ಎತ್ತಿ ಮೂಸಿದಳು. "ಪರಿಮಳ ಇದೆ. ಸ್ವಲ್ಪ. ಹಸೀ ಸೊಪ್ಪಿಂದು." ಆಮೇಲೆ ಕೈ ಅಭ್ಯಾಸಬಲದಿಂದ ತೊಟ್ಟಿಗೆ ಹೋಯಿತು.

"ಅಮ್ಮ, ಕೀಳಬಾರದು."

"ದೇವರಿಗೆ ಒಂದು?"

"ದೇವರಿಗೂ ಇಲ್ಲ."

ಒಂದು ಕಾಲದಲ್ಲಿ ಇಲ್ಲಿ ಕಿತ್ತಿದ್ದೇ ಕಿತ್ತಿದ್ದು. 1885ರಲ್ಲಿ ಲೆಡ್‌ಬರಿಯಿಂದ ಗ್ಲಾಸ್ಟರ್‌ಗೆ ಡಿಮಾಕ್ ಮೇಲೆ ರೈಲು ಬಂತು. ಹೆಂಗಸರು, ಮಕ್ಕಳು ನಸುಕಿನಲ್ಲಿ ಹೂ ಕಿತ್ತು ಕಟ್ಟು ಕಟ್ಟಿ ಸ್ಟೇಷನ್ನಿಗೆ ತರುತ್ತಿದ್ದರು. ಬುಟ್ಟಿಗಟ್ಟಲೆ ಹೂ ಲಂಡನ್ನಿನ ಮಾರುಕಟ್ಟೆಗೆ, ಆಸ್ಪತ್ರೆಗಳಿಗೆ ಹೋಗುತ್ತಿತ್ತು. ಬಡ ಮನೆಗಳಿಗೆ ಅದು ವರ್ಷದ ಮೊದಲ ಕಾಸು. ಆ ರೈಲಿಗೇ 'ಡ್ಯಾಫೋಡಿಲ್ ಲೈನ್' ಅನ್ನುತ್ತಿದ್ದರು. 1959ರಲ್ಲಿ ಪ್ರಯಾಣಿಕರ ರೈಲು ನಿಂತಿತು. ಹೆಸರು ಮಾತ್ರ ನಾವು ಬಂದ ಬಸ್ಸಿಗೆ ಉಳಿದಿದೆ.

ಹೂವು ಕಡಿಮೆಯಾಗಿದ್ದು ಕಿತ್ತಿದ್ದರಿಂದ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲವಂತೆ. ಎರಡನೇ ಮಹಾಯುದ್ಧದ ಸಮಯದಲ್ಲಿ ಆಹಾರ ಬೆಳೆಯಲು ಹುಲ್ಲುಗಾವಲುಗಳನ್ನು ಉತ್ತರು. ಉತ್ತಾಗ ಗೆಡ್ಡೆ ಹೋಯಿತು. ಕಾಡು ಡ್ಯಾಫೋಡಿಲ್ ಬೀಜದಿಂದ ಹೂ ಬಿಡಲು ಐದಾರು ವರ್ಷ ಬೇಕು. ಹಾಗಾಗಿ ಹೋದದ್ದು ಬೇಗ ಬರಲ್ಲ. ಈಗ ಉಳಿದಿರುವ ಕೆಲವು ಹೊಲಗಳನ್ನು ಗ್ಲಾಸ್ಟರ್‌ಶೈರ್ ವೈಲ್ಡ್‌ಲೈಫ್ ಟ್ರಸ್ಟ್ ಕಾಪಾಡುತ್ತಿದೆ. ಬೀಜ ಉದುರುವ ತನಕ ಹುಲ್ಲು ಕೊಯ್ಯಲ್ಲ, ಅಷ್ಟೇ ಅದರ ಗುಟ್ಟು.

ಸಂಜೆ ಡಿಮಾಕ್ ಚರ್ಚಿಗೂ ಹೋದೆವು. 1914ರಲ್ಲಿ ರಾಬರ್ಟ್ ಫ್ರಾಸ್ಟ್, ಎಡ್ವರ್ಡ್ ಥಾಮಸ್ ಮುಂತಾದ ಕವಿಗಳು ಈ ಸುತ್ತಿನಲ್ಲೇ ಉಳಿದುಕೊಂಡು, ಇವೇ ಹೊಲಗಳಲ್ಲಿ ಅಲೆದಾಡಿದ್ದರು. ಚರ್ಚಿನಲ್ಲಿ ಅವರ ಬಗ್ಗೆ ಫಲಕಗಳಿವೆ. ಓದಿದೆ. ಆದರೆ ಮನಸ್ಸು ಹೂವಿನ ಬುಟ್ಟಿ ಹೊತ್ತು ಸ್ಟೇಷನ್ನಿಗೆ ಓಡುತ್ತಿದ್ದ ಹೆಂಗಸರ ಹತ್ತಿರವೇ ಇತ್ತು. ಅವರ ಕೈಗಳಿಗೆ ಈ ಹೂವಿನ ಲೋಳೆಯಿಂದ ತುರಿಕೆ ಆಗುತ್ತಿತ್ತು. ಇವತ್ತಿಗೂ ಹೂ ಕೊಯ್ಯುವವರಿಗೆ ಆಗುತ್ತದೆ.

ದಿನ 3: ಮಾರ್ಚ್ 29, ಶನಿವಾರ

ತೋಟ ತೆರೆಯುವ ದಿನ. ಅಮಾವಾಸ್ಯೆ. ಮತ್ತು ಸೂರ್ಯಗ್ರಹಣ.

ಗ್ರಹಣದ ವಿಷಯ ಅಮ್ಮನಿಗೆ ಗೊತ್ತಾಗದಿರಲಿ ಅಂತ ನಾನು ಸುಮ್ನಿದ್ದೆ. ಅವಳು ಬೆಳಿಗ್ಗೆ ಊರಿಗೆ ಫೋನ್ ಮಾಡಿ ಪುರೋಹಿತರನ್ನೇ ಕೇಳಿದ್ದಳು. 'ಭಾರತದಲ್ಲಿ ಕಾಣಲ್ಲ, ಆಚರಣೆ ಇಲ್ಲ' ಅಂದರಂತೆ. "ಆದರೆ ನಾನು ಭಾರತದಲ್ಲಿಲ್ಲವಲ್ಲ" ಅಂತ ಅಮ್ಮನ ವಾದ. ಹತ್ತರಿಂದ ಹನ್ನೆರಡರವರೆಗೆ ಬಾಯಿಗೆ ನೀರೂ ಹಾಕಲ್ಲ ಅಂದುಬಿಟ್ಟಳು. ಸರಿಯಾಗಿ ಅದೇ ಹೊತ್ತಿಗೆ ಹಳ್ಳಿಯ ಸಮುದಾಯ ಭವನದಲ್ಲಿ ಟೀ, ಕೇಕ್.

ಭವನ ಅಂದರೆ ತಗಡಿನ ಮಾಡಿನ ಒಂದು ಹಾಲ್. ವಾರಕ್ಕೊಮ್ಮೆ ಅಲ್ಲೇ ಪೋಸ್ಟ್ ಆಫೀಸು, ಅಲ್ಲೇ ಮಕ್ಕಳ ಕುಣಿತ, ಅಲ್ಲೇ ಮತಗಟ್ಟೆ. ಹೊರಗಿನ ಹಳೇ ಕೆಂಪು ಟೆಲಿಫೋನ್ ಡಬ್ಬಿಯಲ್ಲಿ ಈಗ ಫೋನಿಲ್ಲ. ಹೃದಯ ನಿಂತರೆ ಶಾಕ್ ಕೊಡುವ ಯಂತ್ರ ಇದೆ, ಅದರ ಕೆಳಗೆ ಓದಿ ಬಿಟ್ಟ ಪತ್ತೇದಾರಿ ಕಾದಂಬರಿಗಳು. ಒಳಗೆ ಏಳೆಂಟು ಹೆಂಗಸರು, ಇಬ್ಬರು ಗಂಡಸರು. ಗಂಡಸರ ಕೆಲಸ ಪಾತ್ರೆ ತೊಳೆಯುವುದು. ಕ್ಯಾಷ್ ಕೌಂಟರ್ ಅಂದರೆ ಐಸ್‌ಕ್ರೀಮಿನ ಡಬ್ಬಿ.

"ನಿಮ್ಮಮ್ಮ ಯಾಕೆ ಏನೂ ತಗೊಳ್ತಿಲ್ಲ?" ಅಂತ ಒಬ್ಬೊಬ್ಬರೇ ಬಂದು ಕೇಳತೊಡಗಿದರು. ಗ್ರಹಣ ಅಂತ ಹೇಳಿದೆ. ನಗುತ್ತಾರೇನೋ ಅಂತ ಹೆದರಿದ್ದೆ. ಯಾರೂ ನಗಲಿಲ್ಲ. ಒಬ್ಬ ಅಜ್ಜಿ ಒಳಗೆ ಹೋಗಿ ತೂತಿನ ಜರಡಿ ತಂದರು, ತರಕಾರಿ ಬಸಿಯುವಂಥದ್ದು. ಬಿಸಿಲಿಗೆ ಹಿಡಿದು ಮೇಜಿನ ಬಿಳಿ ಬಟ್ಟೆಯ ಮೇಲೆ ನೆರಳು ಬೀಳಿಸಿದರು. ಪ್ರತಿ ತೂತಿನಿಂದ ಒಂದೊಂದು ಸೂರ್ಯ. ಎಲ್ಲ ಸೂರ್ಯರಿಗೂ ಒಂದೇ ಕಡೆ ಹಲ್ಲಿನ ಕಚ್ಚು. ಹನ್ನೊಂದರ ಹೊತ್ತಿಗೆ ಸುಮಾರು ಮೂರನೇ ಒಂದು ಭಾಗ ಹೋಗಿತ್ತು. ಬಿಸಿಲು ತೆಳ್ಳಗಾಗಿ, ಚಳಿ ಸುಳಿಯಿತು. ಅಮ್ಮ ಬಟ್ಟೆಯ ಮೇಲಿನ ಸೂರ್ಯರನ್ನು ಎಣಿಸುತ್ತ, ಬಾಯಲ್ಲೇ ಏನೋ ಹೇಳಿಕೊಳ್ಳುತ್ತ ನಿಂತಳು. ಅಜ್ಜಿ ಕೈ ನೋವು ಬಂದರೂ ಜರಡಿ ಇಳಿಸಲಿಲ್ಲ.

ಗ್ರಹಣ ಬಿಟ್ಟ ಮೇಲೆ ಇನ್ನೊಂದು ಸಮಸ್ಯೆ. ಅಮ್ಮ ಮೊಟ್ಟೆ ತಿನ್ನಲ್ಲ. ಸ್ಪಾಂಜ್ ಕೇಕ್, ನಿಂಬೆ ಕೇಕ್, ಕ್ಯಾರೆಟ್ ಕೇಕ್, ಎಲ್ಲದರಲ್ಲೂ ಮೊಟ್ಟೆ. ಅಡುಗೆಮನೆಯಲ್ಲಿ ಸಣ್ಣ ಸಭೆಯೇ ನಡೆಯಿತು. ಕೊನೆಗೆ ಫ್ಲಾಪ್‌ಜ್ಯಾಕ್ ಬಂತು. ಓಟ್ಸ್, ಬೆಣ್ಣೆ, ಸಕ್ಕರೆ ಪಾಕ, ಅಷ್ಟೇ. ಮಾಡಿದವರನ್ನೇ ಕರೆತಂದು ಪ್ರಮಾಣ ಮಾಡಿಸಿದರು. ಅಮ್ಮ ಕಚ್ಚಿ, "ಚಿಕ್ಕಿ. ಪಾಕ ಒಂದೆಳೆ ಜಾಸ್ತಿ ಬಂದಿದೆ" ಅಂದಳು. ನಾನು 'ತುಂಬಾ ಚೆನ್ನಾಗಿದೆ' ಅಂತ ಭಾಷಾಂತರಿಸಿದೆ.

ಆಮೇಲೆ ತೋಟಗಳು. ಐದು ಮನೆಯವರು ಗೇಟು ತೆರೆದಿದ್ದರು. ಒಂದೇ ಟಿಕೆಟ್, ಕೈಗೊಂದು ಜೆರಾಕ್ಸ್ ನಕ್ಷೆ. ಎರಡು ತೋಟಗಳ ಬಗ್ಗೆ ಹೇಳುವಂಥದ್ದೇನಿಲ್ಲ, ಅಚ್ಚುಕಟ್ಟು, ಅಷ್ಟೇ. ಒಂದರಲ್ಲಿ ಮಾತ್ರ ನಿಂತುಬಿಟ್ಟೆವು. ಬಾತ್‌ರೂಮಿನಷ್ಟು ಅಗಲದ ಜಾಗ. ಹಳೇ ಬೂಟು, ಕೆಟಲ್, ಒಡೆದ ಕಮೋಡು, ಎಲ್ಲದರಲ್ಲೂ ಪ್ರಿಮ್‌ರೋಸ್. ಯಜಮಾನ ನಿವೃತ್ತ ಲಾರಿ ಡ್ರೈವರ್. ಪ್ರತಿಯೊಬ್ಬರಿಗೂ ಪ್ರತಿ ಕುಂಡದ ಕಥೆ ಹೇಳುತ್ತಿದ್ದ. ಜನ ಅಲ್ಲೇ ಜಾಸ್ತಿ.

ಸಂಜೆ ದುಡ್ಡು ಎಣಿಸುವಾಗ ಮನೆಯೊಡತಿ ಈ ತೋಟ ತೆರೆಯುವ ಪದ್ಧತಿಯ ಕಥೆ ಹೇಳಿದರು. ಅವರು ನಲವತ್ತು ವರ್ಷ ಹಳ್ಳಿ ಹಳ್ಳಿ ಸುತ್ತಿದ ನರ್ಸ್. ಈಗಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ಬರುವ ಮೊದಲು ಇಂಥ ನರ್ಸ್‌ಗಳ ಸಂಬಳಕ್ಕೆ ಚಂದಾ ಎತ್ತಬೇಕಿತ್ತು. ಎಲ್ಸಿ ವ್ಯಾಗ್ ಅನ್ನುವ ಹೆಂಗಸಿಗೆ ಒಂದು ಯೋಚನೆ ಬಂತು: ಇಷ್ಟೊಂದು ಚೆಂದದ ತೋಟಗಳಿವೆಯಲ್ಲ, ಒಂದು ಶಿಲ್ಲಿಂಗ್ ತಗೊಂಡು ಜನರನ್ನು ಒಳಗೆ ಬಿಟ್ಟರೆ? 1927ರಲ್ಲಿ 609 ತೋಟಗಳು ತೆರೆದವು, 8 ಸಾವಿರ ಪೌಂಡಿಗೂ ಜಾಸ್ತಿ ಸೇರಿತು. ಅದೇ ನ್ಯಾಷನಲ್ ಗಾರ್ಡನ್ಸ್ ಸ್ಕೀಮ್. ಈಗ 3 ಸಾವಿರಕ್ಕೂ ಹೆಚ್ಚು ತೋಟಗಳಿವೆ. ಕ್ಯಾನ್ಸರ್ ರೋಗಿಗಳ ಆರೈಕೆಗೆ, ಕೊನೆಗಾಲದ ಆರೈಕೆಗೆ, ನರ್ಸ್‌ಗಳಿಗೆ ಹಣ ಹೋಗುತ್ತದೆ. "ಗೇಟಿನ ದುಡ್ಡು ಅವರಿಗೆ, ಕೇಕಿನ ದುಡ್ಡು ನಮ್ಮ ಹಾಲ್‌ನ ಮಾಡಿಗೆ" ಅಂದರು. ಮಾಡು ಸೋರುವ ಜಾಗದಲ್ಲಿ ಒಂದು ಬಕೆಟ್ ಇತ್ತು. ಮಳೆ ಇಲ್ಲದ ಮಾರ್ಚ್ ಆದ್ದರಿಂದ ಅದರಲ್ಲೂ ಪ್ರಿಮ್‌ರೋಸ್ ಇಟ್ಟಿದ್ದರು.

ಚಿಲ್ಲರೆ ಎಣಿಸಿದ್ದು ಅಮ್ಮ. ಊರಿನ ಮಹಿಳಾ ಸಂಘದ ಖಜಾಂಚಿ ಅವಳು. ಹತ್ತು ಹತ್ತು ನಾಣ್ಯದ ಕಂಬ ಕಟ್ಟಿ ಸಾಲಾಗಿ ನಿಲ್ಲಿಸಿದಳು. ನೋಟಿನಲ್ಲಿ ರಾಜ ಯಾರು ರಾಣಿ ಯಾರು ಅಂತ ಬೇರೆ ಬೇರೆ ಮಾಡಿಟ್ಟಳು. ಯಾರೂ ಹೇಳಿರಲಿಲ್ಲ.

ರಾತ್ರಿ ಮತ್ತೆ ಗಾಜಿನ ಮನೆ. ಡೇರೆ ಗೆಡ್ಡೆ ಒಂದು ಊರಿಗೆ ಒಯ್ಯಬೇಕು ಅಂತ ಅಮ್ಮನ ಆಸೆ. ಗಿಡ, ಗೆಡ್ಡೆಗೆ ವಿಮಾನ ನಿಲ್ದಾಣದಲ್ಲಿ ಪ್ರಮಾಣಪತ್ರ ಬೇಕು, ಹಾಗೆಲ್ಲ ಆಗಲ್ಲ ಅಂತ ಗದರಿದೆ. "ಕದ್ದ ಗಿಡ ಚೆನ್ನಾಗಿ ಬರ್ತದೆ" ಅಂದಳು. ಮನೆಯೊಡತಿಗೆ ಅದನ್ನು ಹೇಳಿದರೆ ಅವರು ಬಿದ್ದು ಬಿದ್ದು ನಕ್ಕರು. ಇಲ್ಲಿಯವರೂ ಹಾಗೇ ಅನ್ನುತ್ತಾರಂತೆ. ಕೊಟ್ಟ ಗಿಡಕ್ಕೆ ಥ್ಯಾಂಕ್ಸ್ ಹೇಳಿದರೆ ಅದು ಬಾಳಲ್ಲ ಅಂತಲೂ ಇದೆಯಂತೆ.

ದಿನ 4: ಮಾರ್ಚ್ 30, ಭಾನುವಾರ

ಯುಗಾದಿ. ವಿಶ್ವಾವಸು ಸಂವತ್ಸರದ ಮೊದಲ ದಿನ. ಇಲ್ಲಿಯವರಿಗೆ ಮದರಿಂಗ್ ಸಂಡೇ, ಈಸ್ಟರ್‌ಗೆ ಮೂರು ವಾರ ಮೊದಲು ಬರುವ ಅಮ್ಮಂದಿರ ದಿನ. ಹತ್ತೂವರೆಗೆ ಚರ್ಚಿಗೆ ಬನ್ನಿ ಅಂತ ಕರೆದಿದ್ದರು.

ಎಣ್ಣೆ ಸ್ನಾನ ಮುಗಿಸಿ, ಹೊಸ ಸೀರೆ ಉಟ್ಟು, ಹತ್ತು ಇಪ್ಪತ್ತಕ್ಕೆ ಚರ್ಚಿನ ಬಾಗಿಲಲ್ಲಿದ್ದೆವು. ಒಳಗೆ ಕೊನೆಯ ಹಾಡು ನಡೀತಿತ್ತು.

ಏನಾಗಿತ್ತು ಅಂದರೆ, ಅವತ್ತು ನಸುಕಿನಲ್ಲೇ ಇಂಗ್ಲೆಂಡಿನ ಗಡಿಯಾರಗಳು ಒಂದು ಗಂಟೆ ಮುಂದೆ ಹೋಗಿದ್ದವು. ನನ್ನ ಮೊಬೈಲ್ ರಾತ್ರಿಯೇ ಸತ್ತಿತ್ತು, ಚಾರ್ಜಿಗೆ ಹಾಕಲು ಮರೆತಿದ್ದೆ. ನಾವು ನಂಬಿದ್ದು ಅಮ್ಮನ ಹೆಚ್‌ಎಂಟಿ ವಾಚನ್ನು. ಅದಕ್ಕೆ ಇದೆಲ್ಲ ಗೊತ್ತಾಗುವುದು ಹೇಗೆ? ಹತ್ತು ವರ್ಷ ಈ ದೇಶದಲ್ಲಿದ್ದೂ ನನಗೇ ನೆನಪಾಗಲಿಲ್ಲ.

ವಾಪಸ್ ತಿರುಗುವಷ್ಟರಲ್ಲಿ ಹಾಡು ಮುಗಿಯಿತು. ಮಕ್ಕಳು ಬುಟ್ಟಿ ಹಿಡಿದು ಸಾಲಿನಿಂದ ಸಾಲಿಗೆ ಹೊರಟರು. ಈ ದಿನ ಅಮ್ಮಂದಿರಿಗೆ ಹೂ ಕೊಡುವುದು ವಾಡಿಕೆ. ಆರು ವರ್ಷದ ಒಬ್ಬ ಪೋರ ಬಾಗಿಲಿನವರೆಗೂ ಓಡಿ ಬಂದು ಅಮ್ಮನ ಕೈಗೆ ಒಂದು ಪುಟ್ಟ ಕಟ್ಟು ಇಟ್ಟ. ಐದು ಡ್ಯಾಫೋಡಿಲ್, ಒಂದು ಎಲೆ, ಉಲ್ಲನ್ ದಾರದ ಗಂಟು. ಯಾರದೋ ಮನೆಯ ತೋಟದ್ದು.

ಅಮ್ಮ ನನ್ನ ಕಡೆ ನೋಡಿದಳು. "ಇದು ಕಿತ್ತಿದ್ದಲ್ವಾ?"

"ಇದು ಕೊಟ್ಟಿದ್ದು."

ಕೋಣೆಗೆ ಬಂದು ಕಿಟಕಿ ಕಟ್ಟೆಯ ಮೇಲೆ ಪರ್ಸಿನಲ್ಲಿದ್ದ ಗಣಪತಿ ಫೋಟೊ ನಿಲ್ಲಿಸಿ ಮೂರು ಹೂ ಏರಿಸಿದಳು. ಒಂದನ್ನು ತಾನು ಮುಡಿದಳು. ಜಾರಿತು, ಪಿನ್ ಹಾಕಿದಳು. ಒಂದು ನನಗೆ. ಊರಿಂದ ಒಣಗಿಸಿ ತಂದ ಬೇವಿನ ಹೂವು, ಬೆಲ್ಲ ಕಲಸಿ, ಮನೆಯೊಡತಿಗೂ ಒಂದು ಚಮಚ ಒಯ್ದಳು. ಅವರು ಬಾಯಿಗೆ ಹಾಕಿಕೊಂಡು ಜಗಿದರು. ಮುಖ ಒಮ್ಮೆ ಹಿಂಡಿತು, ಸಡಿಲವಾಯಿತು, ಮತ್ತೆ ಹಿಂಡಿತು. ನುಂಗಿ, ಸ್ವಲ್ಪ ಯೋಚಿಸಿ ಕೇಳಿದರು. "ಇದರ ಬೀಜ ಸಿಗುತ್ತಾ?"

"ಈ ಚಳೀಲಿ ಬರಲ್ಲ ಅನ್ನು" ಅಂದಳು ಅಮ್ಮ. "ಆದರೂ ಪ್ರಯತ್ನ ಮಾಡಲಿ. ಕಳಿಸ್ತೀನಿ."

ಮಧ್ಯಾಹ್ನ ಅವರೇ ಲೆಡ್‌ಬರಿ ಸ್ಟೇಷನ್ನಿಗೆ ಬಿಟ್ಟರು. ರೈಲಿನಲ್ಲಿ ಅಮ್ಮನ ವಾಚ್ ಸರಿ ಮಾಡಲು ಹೋದೆ. ಬಿಡಲಿಲ್ಲ. "ಮತ್ತೆ ಹಿಂದೆ ತಿರುಗಿಸ್ತಾರಲ್ಲ, ಆಗ ತಾನೇ ಸರಿಹೋಗ್ತದೆ."

ಮಾಲ್ವರ್ನ್ ದಾಟುವಾಗ ಕಿತ್ತಳೆ ಹುಡುಕಲು ಅವಳ ಚೀಲಕ್ಕೆ ಕೈ ಹಾಕಿದೆ. ಒದ್ದೆ ಪೇಪರಿನ ಒಂದು ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಕೆಂಪು ಮಣ್ಣು, ಬೆರಳಿನಷ್ಟು ದಪ್ಪದ ಒಂದು ಗೆಡ್ಡೆ, ಕುತ್ತಿಗೆಯಲ್ಲಿ ಒಂದು ಕೆಂಪು ಕಣ್ಣು.

"ಅಮ್ಮ!"

"ಊರಿಗಲ್ಲ. ನಿನ್ನ ಬಾಲ್ಕನಿಗೆ."

"ಕೇಳಿ ತಂದ್ಯಾ?"

ಅಮ್ಮ ಕಿಟಕಿಯ ಹೊರಗೆ ನೋಡಿದಳು. "ಕೇಳಿದರೆ ಕದ್ದಂಗೆ ಆಗ್ತದಾ? ಅವಳು ಬೇಕಂತಲೇ ಆ ಕಡೆ ತಿರುಗಿ ನಿಂತಿದ್ದಳು."